ಬೆಳ್ಳುಳ್ಳಿ ಇಲ್ಲದ ಕಿಮ್ಚಿ

ನನ್ನವರು ತೀರಿಕೊಂಡು ವರ್ಷ ತುಂಬಿದ ಮೇಲೆ, ಕಳೆದ ಅಕ್ಟೋಬರ್‌ನಲ್ಲಿ, ಮಗಳು ಶ್ರುತಿಯ ಜೊತೆ ಕುವೈತ್‌ನಿಂದ ಕೊರಿಯಾಕ್ಕೆ ಹೋಗಿದ್ದೆ. ಅವಳಿಗೆ ಅಲ್ಲಿ ಆಫೀಸಿನ ಕೆಲಸವಿತ್ತು. ನಾವು ಬಂದದ್ದು ತಿಳಿದು ಕಿಮ್ ಸಾಹೇಬರು ನಮ್ಮನ್ನು ಒಂದು ಹಳೆಯ ಬೌದ್ಧ ದೇವಾಲಯಕ್ಕೆ ಕರೆದುಕೊಂಡು ಹೋದರು.

ಕಿಮ್ ಹಿಂದೆ ಕುವೈತ್‌ನ ಶುಐಬಾದಲ್ಲಿ ಒಂದು ಕೊರಿಯನ್ ಕಂಪನಿಯ ಎಂಜಿನಿಯರ್ ಆಗಿದ್ದವರು. ನನ್ನವರು ಅದೇ ಕಂಪನಿಯ ಕ್ಯಾಂಪಿನಲ್ಲಿ ಅಡುಗೆ ಮಾಡುತ್ತಿದ್ದರು. ಸಾಲ್ಮಿಯಾದ ನಮ್ಮ ಕಟ್ಟಡದ ಹೆಂಗಸರಿಗೆ ಮಾತ್ರ ನಾನು ಅದನ್ನು ಹೇಳಿದವಳಲ್ಲ. “ಕ್ಯಾಂಪ್ ನೋಡ್ಕೊಳ್ತಾರೆ” ಎನ್ನುತ್ತಿದ್ದೆ. ನನ್ನವರು ಅದನ್ನು ಕೇಳಿಸಿಕೊಂಡು ನಗುತ್ತಿದ್ದರು. “ಹೌದು ಮಾರಾಯ್ತಿ, ಕ್ಯಾಂಪಿನ ಹೊಟ್ಟೆ ನೋಡ್ಕೊಳ್ಳುವುದು ನಾನೇ ಅಲ್ವಾ!”

ದೇವಾಲಯ ಬೆಟ್ಟದ ಕಾಡಿನೊಳಗಿತ್ತು. ಕಾರನ್ನು ಕೆಳಗೆ ಬಿಟ್ಟು, ಪೈನ್ ಮರಗಳ ನಡುವೆ ತೊರೆಯ ಪಕ್ಕದಲ್ಲೇ ಅರ್ಧ ಗಂಟೆ ಹತ್ತಿದೆವು. ನೂರಾರು ವರ್ಷ ಹಳೆಯ ಮರದ ಕಂಬಗಳು, ಸೂರಿನ ಕೆಳಗೆ ಹಸಿರು ಕೆಂಪು ಬಣ್ಣದ ಚಿತ್ತಾರ. ಬುದ್ಧನ ಮುಂದೆ ಕುಳಿತಾಗ, ಇದನ್ನು ನನ್ನವರಿಗೂ ತೋರಿಸಬೇಕಿತ್ತು ಅನ್ನಿಸಿ ಅತ್ತುಬಿಟ್ಟೆ. ಕಿಮ್ ಪಕ್ಕದಲ್ಲಿ ಬಂದು ಕುಳಿತರು.

ಮಧ್ಯಾಹ್ನ ಅಲ್ಲೇ ಊಟ. ಅಡುಗೆಮನೆಯ ಹಿರಿಯ ಸನ್ಯಾಸಿನಿ ಬಡಿಸುತ್ತಾ, ಇವರು ಯಾರೆಂದು ಕಿಮ್ ಅವರನ್ನು ಕೇಳಿದರು. ಅಡುಗೆಯವರ ಹೆಂಡತಿ ಎಂದು ಅಷ್ಟು ಜನರ ಎದುರು ಹೇಳಿಬಿಡುತ್ತಾರಲ್ಲ ಎಂದು ನಾನು ತಟ್ಟೆ ನೋಡುತ್ತಾ ಕುಳಿತೆ.

ಕಿಮ್ ಬಹಳ ಹೊತ್ತು ಹೇಳಿದರು. ಆಮೇಲೆ ಅದನ್ನೇ ಇಂಗ್ಲಿಷ್‌ನಲ್ಲಿ ಶ್ರುತಿಗೆ ಹೇಳಿದರು, ಅವಳು ನನಗೆ. ತಾಯಿ ಸತ್ತ ವರ್ಷ ಕಿಮ್, ಇಲ್ಲಿಯ ಸನ್ಯಾಸಿಗಳಂತೆ, ಬೆಳ್ಳುಳ್ಳಿ ಈರುಳ್ಳಿ ಬಿಟ್ಟಿದ್ದರಂತೆ. ಕ್ಯಾಂಪಿನ ಜೊತೆಗಾರರು “ಹಾಗಾದರೆ ಮರಳು ತಿನ್ನು” ಎಂದು ಗೇಲಿ ಮಾಡಿದ್ದರಂತೆ. ಮರುವಾರದಿಂದ ನನ್ನವರು, ಯಾರೂ ಕೇಳದೆಯೇ, ಕಿಮ್ಚಿ ಎಂಬ ಅವರ ಕೋಸಿನ ಉಪ್ಪಿನಕಾಯಿಯನ್ನು ಬೆಳ್ಳುಳ್ಳಿ ಇಲ್ಲದೆ ಬೇರೆ ಪಾತ್ರೆಯಲ್ಲಿ ಹಾಕಿಡತೊಡಗಿದರಂತೆ. ವರ್ಷವಿಡೀ.

“ಮಮ್ಮಿ, ಪಪ್ಪನ ಕಿಮ್ಚಿ ಇದೇ ಟೇಸ್ಟ್ ಅಂತೆ. ಸೇಮ್ ಅಂತೆ” ಎಂದಳು ಶ್ರುತಿ, ತಟ್ಟೆಯಲ್ಲಿದ್ದ ಕಿಮ್ಚಿ ತೋರಿಸಿ. ನನಗೆ ಈ ಸಂಗತಿ ಗೊತ್ತೇ ಇರಲಿಲ್ಲ.

ನನ್ನವರು ಇದನ್ನು ಎಲ್ಲಿ ಕಲಿತರೆಂದು ಸನ್ಯಾಸಿನಿ ನನ್ನನ್ನೇ ಕೇಳಿದರು.

“ನಮ್ಮ ಉಡುಪಿ ಕಡೆ ದೇವಸ್ಥಾನದ ಅಡುಗೆಗೂ ಬೆಳ್ಳುಳ್ಳಿ ಈರುಳ್ಳಿ ಹಾಕುವುದಿಲ್ಲ. ಅವರು ಮೊದಲು ಅಂಥದ್ದೊಂದು ದೇವಸ್ಥಾನದಲ್ಲಿದ್ದರು” ಎಂದೆ. ತಲೆಯೆತ್ತಿ, “ನನ್ನ ಗಂಡ ಅಡುಗೆಯವರು. ಒಳ್ಳೇ ಅಡುಗೆಯವರು” ಎಂದು ದೊಡ್ಡದಾಗಿಯೇ ಹೇಳಿದೆ.

ಸನ್ಯಾಸಿನಿ ಕೈಮುಗಿದು ನನಗೆ ತಲೆಬಾಗಿದರು. ಹಾಗಾದರೆ ನಮ್ಮ ಕಿಮ್ಚಿ ಹೇಗಿದೆ ಹೇಳಿ ಎಂದರು.

“ಖಾರ ಸ್ವಲ್ಪ ಕಮ್ಮಿ ಆಯ್ತು” ಎಂದೆ. ಶ್ರುತಿ, ಕಿಮ್ ಅದನ್ನು ದಾಟಿಸಿದ್ದೇ ತಡ, ಎಲ್ಲರಿಗಿಂತ ಮೊದಲು ನಕ್ಕವರು ಸನ್ಯಾಸಿನಿಯೇ.

ಅಂದಿನಿಂದ ಯಾರು ಕೇಳಿದರೂ ನನ್ನವರು ಅಡುಗೆಯವರು ಎಂದೇ ಹೇಳುತ್ತೇನೆ. ಅವರ ಕಿವಿಗೆ ಬೀಳುವಂತೆ ಒಂದು ದಿನವೂ ಹೇಳಲಿಲ್ಲವಲ್ಲ ಎಂಬ ಸಂಕಟ ಹೋಗಿಲ್ಲ. ಆದರೆ ಹೇಳುವಾಗ ಈಗ ನನ್ನ ದನಿ ತಗ್ಗುವುದಿಲ್ಲ.