ಕರೆಂಟ್ ಹೋದಾಗಿನ ಇಂಗ್ಲಿಷ್

ಬನಹಟ್ಟಿಯ ನಮ್ಮ ಓಣಿಯ ನೇಕಾರ ಕಾಕಾ ಕರೆಂಟ್ ಹೋದಾಗಷ್ಟೇ ನನಗೆ ಇಂಗ್ಲಿಷ್ ಕಲಿಸುತ್ತಿದ್ದರು. ನಲವತ್ತನೇ ವಯಸ್ಸಿನಲ್ಲಿ ನಾನು ಮೂರನೇ ಸಲ ಎಸ್ಸೆಸ್ಸೆಲ್ಸಿ ಕಟ್ಟಿದ್ದೆ. ಕರೆಂಟಿನ ಮಗ್ಗ ನಿಂತ ಕೂಡಲೇ ಅವರು ಕೈ ಒರೆಸಿಕೊಂಡು, "ಒಂದಿದ್ರ ಬುಕ್, ಭಾಳ ಇದ್ರ ಬುಕ್ಸ್. ತಿಳೀತಿಲ್ಲೋ?" ಎನ್ನುತ್ತಿದ್ದರು. ಕರೆಂಟ್ ಬಂದರೆ ಅರ್ಧ ಮಾತಿಗೇ ಎದ್ದುಬಿಡುತ್ತಿದ್ದರು.

ಪರೀಕ್ಷೆಯ ಹಿಂದಿನ ದಿನ ಮಗ್ಗ ಜೋರಾಗಿ ಓಡುತ್ತಿತ್ತು. "ಕಾಕಾ, ಚೈಲ್ಡ್ ಹೋಗಿ ಚಿಲ್ಡ್ರನ್ ಆಗತೈತಿ, ಶೀಪ್ ಮಾತ್ರ ಎಷ್ಟಿದ್ರೂ ಶೀಪ್ ಅಂತ. ಯಾಕ್ರೀ? ತಲಿ ಕೆಟ್ಟೈತಿ, ನಾಳಿ ಮತ್ತ ನಪಾಸ ಆಗತೇನಿ!" ಎಂದು ಕೂಗಿದೆ. ಅವರಿಗೆ ಕೇಳಿಸಲಿಲ್ಲ. ನನ್ನ ಮುಖ ನೋಡಿ, ಎಂದೂ ಮಾಡದವರು ತಾವೇ ಮಗ್ಗ ಬಂದ್ ಮಾಡಿದರು.

ಮತ್ತೆ ಕೇಳಿದೆ. ಕಾಕಾ ನನ್ನ ಪುಸ್ತಕ ತೆಗೆದುಕೊಂಡು ನೆಲದ ಮೇಲೆ ಕುಳಿತರು.

"ಯಾಕಂತ ನನಗೂ ಗೊತ್ತಿಲ್ಲೋ ತಮ್ಮಾ. ಕುಂದ್ರು, ಇಬ್ರೂ ಬಾಯಿಪಾಠ ಮಾಡೂಣು."