ಹಿತಕಬೇಳೆಯೊಳಗೆ ಹಾರ್ಮೋನು

ಜೆ.ಪಿ. ನಗರದ ಒಂದು ಪಿಯು ಕಾಲೇಜಿನಲ್ಲಿ ನಾನು ಜೀವಶಾಸ್ತ್ರ ಪಾಠ ಮಾಡುತ್ತೇನೆ. ಅಂಡಾಶಯದ ಪಾಠ ಬಂತೆಂದರೆ ನನ್ನನ್ನು ಹಿಡಿಯುವವರಿಲ್ಲ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿಯಿಂದ ಎಲ್‌ಹೆಚ್, ಎಫ್‌ಎಸ್‌ಹೆಚ್ ಎಂಬ ಎರಡು ಪೆಪ್ಟೈಡ್ ಹಾರ್ಮೋನುಗಳು ರಕ್ತದಲ್ಲಿ ಇಳಿದು ಬರುತ್ತವೆ. ಅವು ಕೋಶದೊಳಗೆ ಕಾಲಿಡುವುದಿಲ್ಲ. ಬಾಗಿಲಲ್ಲಿ ನಿಂತು ಬೆಲ್ ಒತ್ತಿದರೆ ಸಾಕು, ಒಳಗೆ ಕೆಲಸ ಶುರು. ಎಲ್‌ಹೆಚ್ ಮಾತು ಕೇಳುವ ಹೊರಗಿನ ಕೋಶಗಳು ಕೊಲೆಸ್ಟ್ರಾಲಿನಿಂದ ಆಂಡ್ರೊಜನ್ ಮಾಡಿಕೊಡುತ್ತವೆ. ಎಫ್‌ಎಸ್‌ಹೆಚ್ ಮಾತು ಕೇಳುವ ಒಳಗಿನ ಕೋಶಗಳು ಅದನ್ನು ಈಸ್ಟ್ರೊಜನ್ ಮಾಡುತ್ತವೆ. "ಒಬ್ರು ಹಿಟ್ಟು ರುಬ್ಬಿಕೊಡೋದು, ಇನ್ನೊಬ್ರು ದೋಸೆ ಹುಯ್ಯೋದು" ಎಂದು ಹೇಳಿ, ಮಕ್ಕಳು ನಕ್ಕಾಗ ಒಳಗೊಳಗೇ ಬೀಗುತ್ತಿದ್ದೆ.

ನನ್ನದೇ ಅಂಡಾಶಯ ಮಾತ್ರ ಈ ಪಾಠಕ್ಕೆ ಚಕ್ಕರ್ ಹೊಡೆದಿತ್ತು. ವರ್ಷಗಟ್ಟಲೆ ಕಾದು ಕೊನೆಗೆ ನಾನೂ ನನ್ನ ಗಂಡನೂ ಐವಿಎಫ್‌ಗೆ ಹೊರಟೆವು. ಡಾಕ್ಟರು ಎಫ್‌ಎಸ್‌ಹೆಚ್ ಇಂಜೆಕ್ಷನ್ ಪೆನ್ನು ಬರೆದುಕೊಟ್ಟರು. ದಿನಾ ಒಂದೇ ಹೊತ್ತಿಗೆ ಹೊಟ್ಟೆಗೆ ಚುಚ್ಚಿಕೊಳ್ಳಬೇಕು. ಅದನ್ನು ಹೇಗೆ ಇಟ್ಟುಕೊಳ್ಳಬೇಕೆಂದು ಹೇಳಲು ನರ್ಸ್ ಬಾಯಿ ತೆರೆದರೆ, "ಗೊತ್ತು ಸಿಸ್ಟರ್, ನಾನು ಪಾಠ ಮಾಡೋದೇ ಇದನ್ನ" ಎಂದುಬಿಟ್ಟೆ.

ಮನೆಯಲ್ಲಿ ಅತ್ತೆ ಇದ್ದರು. ಹುಳಿಮಾವಿನಲ್ಲಿ ಹೊಲ ಗೇದವರು. ಈಗ ಫ್ರಿಜ್ಜೇ ಅವರ ರಾಜ್ಯ. ವಿಷಯ ಗೊತ್ತಾದರೆ ಆಸೆ ಇಟ್ಟುಕೊಳ್ಳುತ್ತಾರೆ, ಆಗದಿದ್ದರೆ ಅವರ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಅವರೆಕಾಯಿಯ ಕಾಲ ಬೇರೆ. ಫ್ರೀಜರ್ ತುಂಬ ಅವರು ಹಿತುಕಿಟ್ಟ ಬೇಳೆಯ ಕವರುಗಳು. ತಣ್ಣಗಿರಬೇಕು ತಾನೇ, ಇನ್ನೂ ತಣ್ಣಗಿದ್ದರೆ ಇನ್ನೂ ಒಳ್ಳೆಯದು ಎಂದುಕೊಂಡು ಪೆನ್ನನ್ನು ಒಂದು ಕವರಿನೊಳಗೆ ಹೂತಿಟ್ಟೆ. ಪ್ರೋಟೀನು ಎಷ್ಟು ನಾಜೂಕೆಂದು ಕ್ಲಾಸಿನಲ್ಲಿ ಗಂಟಲು ಹರಿದುಕೊಳ್ಳುವವಳು ನಾನೇ.

ಮಾರನೆಯ ಬೆಳಿಗ್ಗೆ ಹಿತಕಬೇಳೆ ಸಾರು ಮಾಡಲು ಅತ್ತೆ ಅದೇ ಕವರನ್ನು ಬೋಗುಣಿಗೆ ಸುರಿದರು.

"ಏನಮ್ಮ ಇದು, ಬೇಳೇಲಿ ಪೆನ್ನು?"

ನೋಡಿದರೆ ಒಳಗಿನ ಔಷಧಿ ಕಲ್ಲಾಗಿತ್ತು. ಹೆಪ್ಪುಗಟ್ಟಿದ ಔಷಧಿ ಕೆಟ್ಟ ಹಾಗೆಯೇ. ಮೊದಲ ಇಂಜೆಕ್ಷನ್ನಿಗೆ ಇನ್ನೊಂದು ಗಂಟೆಯೂ ಇರಲಿಲ್ಲ. ಆ ತಿಂಗಳ ಚಿಕಿತ್ಸೆಯೇ ಹೋಯಿತೆಂದು ಹೆದರಿ, ನಿಂತಲ್ಲೇ ಅಳುತ್ತಾ ಎಲ್ಲ ಹೇಳಿದೆ. ಅಭ್ಯಾಸಬಲ ನೋಡಿ, ಅಳುವಿನ ಮಧ್ಯೆ ಹಿಟ್ಟು, ದೋಸೆಯ ಉದಾಹರಣೆಯೂ ಬಂತು.

"ಪಾಠ ಆಮೇಲೆ ಮಾಡೀವಂತೆ. ಚಪ್ಪಲಿ ಹಾಕ್ಕೊ, ಆಟೋ ಹಿಡಿಯಾಣ" ಎಂದರು ಅತ್ತೆ, ಸೀರೆಯನ್ನೂ ಬದಲಿಸದೆ.

ಆಸ್ಪತ್ರೆಯಲ್ಲಿ ಬೇರೆ ಪೆನ್ನು ಸಿಕ್ಕಿತು. ಮೊದಲ ಡೋಸನ್ನು ನರ್ಸೇ ಚುಚ್ಚಿದರು. ಅವರು ಹೇಳಿದ್ದನ್ನೆಲ್ಲ ಈ ಸಲ ಅತ್ತೆ ಕೇಳಿಸಿಕೊಂಡರು; ನನಗೆ ಬಾಯಿ ಬಿಡಲು ಬಿಡಲಿಲ್ಲ. ಮನೆಗೆ ಬಂದವರೇ ಫ್ರಿಜ್ಜಿನ ಮಧ್ಯದ ಷೆಲ್ಫಿನಿಂದ ಮೊಸರು, ಗೊಜ್ಜು, ಪೂಜೆಯ ಹೂವು ಎಲ್ಲ ತೆಗೆದು, ಒರೆಸಿ, ಪೆನ್ನನ್ನು ಅಲ್ಲಿ ಮಲಗಿಸಿದರು.

ಒಂದೊಂದು ರಕ್ತಪರೀಕ್ಷೆಯಲ್ಲೂ ಈಸ್ಟ್ರೊಜನ್ ಏರುತ್ತಾ ಹೋಯಿತು, ನಾನು ಪಾಠ ಮಾಡುವಂತೆಯೇ. ಆದರೂ ಆ ಸಲ ಗರ್ಭ ನಿಲ್ಲಲಿಲ್ಲ. ನಾನು ಹೆದರಿದ್ದ ಆ ಮುಖವನ್ನು ನೋಡಲೇಬೇಕಾಯಿತು. ಬಹಳ ಸಂಕಟವಾಯಿತು. ಅತ್ತೆ ನನ್ನ ಅನ್ನಕ್ಕೆ ತುಪ್ಪ ಜಾಸ್ತಿ ಹಾಕಿದರು.

ಈಗ ಮತ್ತೆ ಅವರೆಕಾಯಿ ಬಂದಿದೆ. ಫ್ರೀಜರ್ ತುಂಬಿ ತುಳುಕುತ್ತಿದೆ. ಮೊನ್ನೆ ಜಾಗವಿಲ್ಲದೆ ಒಂದು ಬೇಳೆಯ ಕವರನ್ನು ಖಾಲಿ ಇದ್ದ ಮಧ್ಯದ ಷೆಲ್ಫಿನಲ್ಲಿಡಲು ಹೋದೆ.

"ಅಲ್ಲಿ ಬೇಡ," ಎಂದರು ಅತ್ತೆ, ಕಾಯಿ ಸುಲಿಯುತ್ತಲೇ. "ಅದು ನಿನ್ ಪೆನ್ನಿನ ಜಾಗ."