ಹೊಂಗೆಮರದ ದಿಬ್ಬ

ಹಾಸನದ ಬಸ್ಸು ಇನ್ನೂ ಬಂದಿಲ್ಲ, ಅಷ್ಟರಲ್ಲಿ ಬರೆದುಬಿಡುತ್ತೇನೆ.

ದ್ವೀಪದಲ್ಲಿ ಮರಳ ಮೇಲೆ ಕೂತು ಉಣ್ಣಬೇಕೆಂದು ನನ್ನ ಹೆಂಡತಿ ಶಾರದೆಗೆ ಬಹಳ ದಿನದ ಆಸೆ. "ಅಂಡಮಾನಾದರೂ ಸರಿ" ಎಂದಿದ್ದಳು. "ಅದು ಕೊಲೆಗಡುಕರನ್ನ ಕಳಿಸೋ ಜಾಗ ಕಣೆ" ಎಂದಳು ನಮ್ಮವ್ವ. ಕೊನೆಗೆ ಹೊಳೆನರಸೀಪುರದ ಹತ್ತಿರ ಹೇಮಾವತಿಯ ನಡುವಿರುವ ದಿಬ್ಬಗಳಲ್ಲೇ ಒಂದನ್ನು ಆರಿಸುವುದೆಂದಾಯಿತು. ಬೋಳು ದಿಬ್ಬದಲ್ಲಿ ಬಿಸಿಲೆಂದು ಹೊಂಗೆಮರವಿದ್ದ ದಿಬ್ಬಕ್ಕೆ ಹರಿಗೋಲು ತಿರುಗಿಸಿದೆವು.

ಬುತ್ತಿ ಬಿಚ್ಚಿ ಮೊದಲ ತುತ್ತು ಕಾಗೆಗಿಟ್ಟೆವು. ದಡದಲ್ಲಿ ಗಲಾಟೆ ಮಾಡುತ್ತಿದ್ದ ಕಾಗೆಗಳಲ್ಲಿ ಒಂದೂ ಇತ್ತ ಹಾರಲಿಲ್ಲ. ಆಗ ಮರದ ಹಿಂದಿನಿಂದ ಹೆಣ್ಣುದನಿಯೊಂದು "ಶಾರದಾ" ಎಂದು ಕರೆಯಿತು. ಇವಳು "ಆಂ" ಅನ್ನುವಷ್ಟರಲ್ಲಿ ಅವ್ವ ಇವಳ ಬಾಯಿ ಮುಚ್ಚಿದಳು.

"ಮೂರು ಸಲ ಕರೆಯೋಗಂಟ ಓಗೊಡಬಾರದು. ಮನುಷ್ಯರಾದ್ರೆ ಮೂರನೇ ಸಲವೂ ಕರೀತಾರೆ."

ಇನ್ನೊಮ್ಮೆ ಕರೆಯಿತು, ಮೆಲ್ಲಗೆ. ಆಮೇಲೆ ಇಲ್ಲ. ನಾನು ಎದ್ದು ಮರದ ಹಿಂದೆ ನೋಡಿದೆ. ಮರಳಲ್ಲಿ ಒಂದು ಹೆಜ್ಜೆಯ ಗುರುತೂ ಇರಲಿಲ್ಲ.

"ಇಲ್ಲಿ ಇನ್ಯಾರಪ್ಪ ಇರೋದು?" ಎಂದು ಹರಿಗೋಲಿನವನನ್ನು ಕೇಳಿದೆ.

"ನಾವೇಯ ಸಾ. ಊಟ ಆಚೆ ದಡದಾಗೆ ಮಾಡೀರಂತೆ, ಹರಿಗೋಲು ಅತ್ತಿ."

ಹೊಳೆ ಮಧ್ಯದಲ್ಲಿ ಶಾರದೆ ಬಾಯಿಬಿಟ್ಟಳು. "ಅತ್ತೆಮ್ಮ, ಅದು ನಮ್ಮಮ್ಮನ ದನಿ." ಅವಳಮ್ಮ ತೀರಿಕೊಂಡಾಗ ಅವಳಿನ್ನೂ ಲಂಗದ ಹುಡುಗಿ. "ಓಗೊಟ್ಟಿದ್ದರೆ ಮುಖ ತೋರಿಸ್ತಿದ್ಲೇನೋ. ವಾಪಸ್ ಹೋಗೋಣ."

ಅವ್ವ ಸೊಸೆಯ ಸೆರಗಿನ ತುದಿಯನ್ನು ತನ್ನ ಸೆರಗಿಗೆ ಗಂಟುಹಾಕಿದಳು. ಈಗ ಈ ರಸ್ತೆಬದಿಯ ಕಲ್ಲಿನ ಮೇಲೂ ಇಬ್ಬರೂ ಹಾಗೇ ಕೂತಿದ್ದಾರೆ. ಶಾರದೆ ಹೊಳೆಯ ಕಡೆಗೇ ಕಿವಿಗೊಟ್ಟಿದ್ದಾಳೆ.